ನಮ್ಮ ಪಟ್ಟಿಯಲ್ಲಿ ಶುಕ್ರ ಇದ್ದಿದ್ದರೆ ಏನಂತ ಬರೆಯುತ್ತಿದ್ದೆವು?

ದೂರದರ್ಶಕದ ಡೇಟಾದಲ್ಲಿ ಕೆಲವು ನಕ್ಷತ್ರಗಳ ಬೆಳಕು ಆಗಾಗ ಒಂಚೂರು ಕಮ್ಮಿಯಾಗುತ್ತದೆ. ಅಡ್ಡ ಬಂದಿದ್ದು ಗ್ರಹವೋ, ಬೇರೇನಾದರೂ ಕಿತಾಪತಿಯೋ ಅಂತ ನೋಡುವುದು ನನ್ನ ಕೆಲಸ. ಕೇಳಿದವರಿಗೆ ಇದು ಹೊಸ ಗ್ರಹ ಹುಡುಕುವ ಕೆಲಸ ಅನ್ನಿಸುತ್ತದೆ. ದಿನದ ಬಹುಪಾಲು ಹೋಗುವುದು ಮಾತ್ರ, ಗ್ರಹ ಇರಬಹುದು ಅನ್ನಿಸಿದವುಗಳ ಪಟ್ಟಿಯಿಂದ ಒಂದೊಂದನ್ನೇ ಹೊಡೆದುಹಾಕುವುದರಲ್ಲೇ.

ತಂಡಕ್ಕೆ ಹೊಸದಾಗಿ ಸೇರಿದವರು ಒಂದಲ್ಲ ಒಂದು ದಿನ ಓಡಿ ಬಂದು ಕೇಳುತ್ತಾರೆ, "ಮೇಡಂ, ಇದು ಭೂಮಿ ಥರಾನೇ ಇದೆ ಅಲ್ವಾ?" ಸ್ಕ್ರೀನ್ ಮೇಲೆ ಒಂದು ಸಾಲು. ಒಂದು ಸುತ್ತಿಗೆ 370 ದಿನ. ಗಾತ್ರ ಭೂಮಿಯ 1.2 ಪಟ್ಟು. ತಾಪಮಾನ ಮೈನಸ್ 15 ಡಿಗ್ರಿ. ಖುಷಿ ಆಗೋದು ಸಹಜ. ನಾನು ಕೇಳುವುದು ಒಂದೇ ಪ್ರಶ್ನೆ: ಈ ಮೂರರಲ್ಲಿ ನಾವು ನಿಜವಾಗಿ ಅಳೆದದ್ದು ಯಾವುದು?

ಅಳೆದದ್ದು ಅವಧಿ ಮಾತ್ರ. ಅದರಲ್ಲೂ 370 ಅಂದರೆ ನನಗೆ ಮೊದಲು ಬರುವುದು ಅನುಮಾನ. ನಾಸಾದ ಕೆಪ್ಲರ್ ಬಾಹ್ಯಾಕಾಶ ದೂರದರ್ಶಕ ಸೂರ್ಯನನ್ನು ಸುತ್ತಲು ಸುಮಾರು 372 ದಿನ ತೆಗೆದುಕೊಳ್ಳುತ್ತಿತ್ತು. ಮೂರು ತಿಂಗಳಿಗೊಮ್ಮೆ ಅದು ಕಾಲು ಸುತ್ತು ತಿರುಗುತ್ತಿತ್ತು. ಹಾಗಾಗಿ ಒಂದು ನಕ್ಷತ್ರದ ಬೆಳಕು ಕ್ಯಾಮೆರಾದ ಅದೇ ಚಿಪ್ ಮೇಲೆ ಮತ್ತೆ ಬೀಳುತ್ತಿದ್ದದ್ದು ಕೆಪ್ಲರ್‌ನ ಒಂದು ವರ್ಷದ ನಂತರ. ಚಿಪ್‌ನಲ್ಲಿ ತೊಂದರೆ ಇದ್ದರೆ ಆ ತೊಂದರೆಯೂ ವರ್ಷಕ್ಕೊಮ್ಮೆ ತಪ್ಪದೆ ಹಾಜರು. ಪರಿಣಾಮ, 372 ದಿನಗಳ ಆಸುಪಾಸಿನಲ್ಲಿ ಸುಳ್ಳು ಗ್ರಹಗಳ ರಾಶಿ. ನಮಗೆ ಬೇಕಾದ ಜಾಗದಲ್ಲೇ ಕಸ ಜಾಸ್ತಿ!

ಸಿಗ್ನಲ್ ಎಷ್ಟು ಚಿಕ್ಕದು ಅಂತಲೂ ಹೇಳಬೇಕು. ಬೇರೆ ನಕ್ಷತ್ರದಿಂದ ಯಾರೋ ನಮ್ಮನ್ನು ನೋಡುತ್ತಿದ್ದಾರೆ ಅಂದುಕೊಳ್ಳಿ. ಭೂಮಿ ಅಡ್ಡ ಬಂದಾಗ ಸೂರ್ಯನ ಬೆಳಕು ಹತ್ತು ಲಕ್ಷದಲ್ಲಿ ಸುಮಾರು 84 ಭಾಗ ಕಮ್ಮಿಯಾಗುತ್ತದೆ. ಅದೂ ವರ್ಷಕ್ಕೊಮ್ಮೆ, ಹೆಚ್ಚೆಂದರೆ 13 ಗಂಟೆ. ಅವರು ಸರಿಯಾದ ಕೋನದಲ್ಲಿ ಇರುವ ಸಾಧ್ಯತೆಯೇ 200ಕ್ಕೆ ಒಂದು. ಕೆಪ್ಲರ್ ಒಂದೇ ದಿಕ್ಕಿನಲ್ಲಿ ನೋಡಿದ್ದು ನಾಲ್ಕು ವರ್ಷ, ಅಂದರೆ ಇಂಥ ಗ್ರಹಕ್ಕೆ ಮೂರೋ ನಾಲ್ಕೋ ಅವಕಾಶ. 2015ರಲ್ಲಿ ದೊಡ್ಡ ಸುದ್ದಿಯಾದ ಕೆಪ್ಲರ್-452ಬಿ ಎಂಬ ಗ್ರಹ ಇದೇ ಗುಂಪಿನದು, ಅದರ ಸುತ್ತು 385 ದಿನ. 2018ರಲ್ಲಿ ಕೆಪ್ಲರ್ ಡೇಟಾ ಮೇಲೆ ಕೆಲಸ ಮಾಡಿದ್ದ ವಿಜ್ಞಾನಿಗಳೇ ಲೆಕ್ಕ ಹಾಕಿ, ಇದು ಉಪಕರಣದಿಂದಲೇ ಹುಟ್ಟಿದ ಸುಳ್ಳು ಸಿಗ್ನಲ್ ಅಲ್ಲ ಅಂತ ಶೇ. 99ರಷ್ಟು ಖಾತ್ರಿಯಾಗಿ ಹೇಳಲಾಗದು ಎಂದರು. ಗ್ರಹ ಇಲ್ಲ ಅಂತ ಅವರು ಹೇಳಲಿಲ್ಲ. ಆ ವ್ಯತ್ಯಾಸ ನನಗೆ ಇಷ್ಟ.

ಗಾತ್ರದ ಕಥೆ ಬೇಗ ಮುಗಿಸುತ್ತೇನೆ. ಬೆಳಕಿನ ಇಳಿತ ಹೇಳುವುದು ಗ್ರಹ ಮತ್ತು ನಕ್ಷತ್ರದ ಅನುಪಾತವನ್ನಷ್ಟೇ. ನಕ್ಷತ್ರದ ಗಾತ್ರ ತಪ್ಪಿದರೆ ಗ್ರಹದ್ದೂ ತಪ್ಪುತ್ತದೆ. ಪಕ್ಕದಲ್ಲಿ ಅಷ್ಟೇ ಹೊಳಪಿನ ಇನ್ನೊಂದು ನಕ್ಷತ್ರ ಅಡಗಿದ್ದರೆ, ಗ್ರಹ ನಿಜವಾಗಿ ನಾವು ಬರೆದಿದ್ದಕ್ಕಿಂತ ಸುಮಾರು ಶೇ. 41ರಷ್ಟು ದೊಡ್ಡದು. 1.2 ಇದ್ದದ್ದು 1.7 ಆಗುತ್ತದೆ. ಆ ಗಾತ್ರದವು ಎಷ್ಟೋ ಸಲ ಬಂಡೆಯ ಗ್ರಹಗಳೇ ಅಲ್ಲ, ಸುತ್ತ ದಪ್ಪ ಅನಿಲ ಹೊದ್ದವು.

ತಾಪಮಾನದ ಕಾಲಂ ಮಾತ್ರ ನನಗೆ ಯಾವಾಗಲೂ ತಲೆನೋವು. ಅದನ್ನು ಯಾರೂ ಅಳೆದಿರುವುದಿಲ್ಲ. ನಕ್ಷತ್ರದಿಂದ ಎಷ್ಟು ಬೆಳಕು ಬೀಳುತ್ತದೆ ಅಂತ ಲೆಕ್ಕ ಹಾಕಿ, ಭೂಮಿಯಂತೆ ಶೇ. 30ರಷ್ಟು ವಾಪಸ್ ಹೋಗುತ್ತದೆ ಅಂತ ಇಟ್ಟುಕೊಂಡು, ಗಾಳಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಬರೆಯುವ ಅಂಕಿ ಅದು. ಈ ಲೆಕ್ಕದಲ್ಲಿ ಭೂಮಿಗೆ ಮೈನಸ್ 18 ಬರುತ್ತದೆ. ನಿಜವಾದ ಸರಾಸರಿ 15ರ ಹತ್ತಿರ. ನಡುವಿನ 33 ಡಿಗ್ರಿ ನಮ್ಮ ವಾತಾವರಣದ ಕೊಡುಗೆ.

ಈಗ ಶುಕ್ರವನ್ನು ಅದೇ ಪಟ್ಟಿಗೆ ಹಾಕಿ. ನಾನು ಹೊಸಬರ ಕೈಲಿ ಇದನ್ನು ಮಾಡಿಸಿಯೇ ಮಾಡಿಸುತ್ತೇನೆ. ಗಾತ್ರ ಭೂಮಿಯ ಶೇ. 95. ನಕ್ಷತ್ರ ನಮ್ಮದೇ ಸೂರ್ಯ. ತಾಪಮಾನದ ಕಾಲಂನಲ್ಲಿ ಬರುವುದು ಸುಮಾರು 27 ಡಿಗ್ರಿ. ಎಷ್ಟು ಹಿತ ಅಲ್ವಾ? ಮೋಡಗಳು ಮುಕ್ಕಾಲು ಪಾಲು ಬಿಸಿಲನ್ನು ವಾಪಸ್ ಕಳಿಸುತ್ತವೆ ಅಂತ ತಿದ್ದಿದರೆ ಮೈನಸ್ 40ರ ಆಸುಪಾಸು, ಅಂದರೆ ಭೂಮಿಗಿಂತ ತಣ್ಣಗೆ. ಅಲ್ಲಿನ ನೆಲದ ನಿಜವಾದ ಬಿಸಿ 460 ಡಿಗ್ರಿ ದಾಟುತ್ತದೆ, ಸೀಸ ಕರಗುತ್ತದೆ. ದಪ್ಪ ಕಾರ್ಬನ್ ಡೈಆಕ್ಸೈಡ್ ಗಾಳಿಯ ಕೆಲಸ ಅದು. ಲೆಕ್ಕ ಮಾಡಿದವರು ಸ್ವಲ್ಪ ಹೊತ್ತು ಸುಮ್ನೆ ಕೂರುತ್ತಾರೆ. ಆಮೇಲೆ ತಾವೇ ತಮ್ಮ ಸಾಲನ್ನು ಮತ್ತೆ ತೆರೆದು ನೋಡುತ್ತಾರೆ.

ಇದರಿಂದಾಗಿ ನಮ್ಮ ಶೀಟ್‌ನಲ್ಲಿ ಬಣ್ಣ ಬಂತು. ಅಳೆದದ್ದು ಕಪ್ಪು, ಅಳೆದದ್ದರಿಂದ ಲೆಕ್ಕ ಹಾಕಿದ್ದು ನೀಲಿ, ಊಹೆಯ ಮೇಲೆ ನಿಂತದ್ದು ಕೆಂಪು. ಮೊದಮೊದಲು ಇದೊಂದು ಕಿರಿಕಿರಿ ಅಂತ ಗೊಣಗಿದರು. ಈಗ ಮೀಟಿಂಗ್‌ಗಳು ಬೇಗ ಮುಗಿಯುತ್ತವೆ, ಜಗಳವೆಲ್ಲ ಕೆಂಪು ಅಂಕಿಗಳ ಬಗ್ಗೆಯೇ ಆದ್ದರಿಂದ.

ಕೆಂಪು ಅಂಕಿ ಕಪ್ಪಾಗುವುದೂ ಉಂಟು. ಸುಮಾರು 40 ಜ್ಯೋತಿರ್ವರ್ಷ ದೂರದ ಟ್ರ್ಯಾಪಿಸ್ಟ್-1 ಎಂಬ ಪುಟ್ಟ ಕೆಂಪು ನಕ್ಷತ್ರಕ್ಕೆ ಏಳು ಗ್ರಹಗಳು, ಒಳಗಿನಿಂದ ಬಿ, ಸಿ, ಡಿ, ಇ ಅಂತ ಅವುಗಳ ಹೆಸರು. ಅವು ಒಂದನ್ನೊಂದು ಎಳೆದಾಡುವುದರಿಂದ ಅಡ್ಡ ಬರುವ ಸಮಯ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ. ಅದರಿಂದ ಅವುಗಳ ತೂಕ ಸಿಕ್ಕಿತು. 2023ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ತೀರಾ ಒಳಗಿನ ಬಿ ಗ್ರಹ ಹೊಮ್ಮಿಸುವ ಶಾಖವನ್ನೇ ಅಳೆಯಿತು. ಹಗಲಿನ ಬದಿ ಸುಮಾರು 230 ಡಿಗ್ರಿ. ದಪ್ಪ ಗಾಳಿ ಇದ್ದಿದ್ದರೆ ಶಾಖ ಆಚೆ ಬದಿಗೆ ಹಂಚಿಹೋಗಿ ಹಗಲು ಇನ್ನೂ ತಣ್ಣಗಿರಬೇಕಿತ್ತು. ಅಲ್ಲಿಗೆ ದಪ್ಪ ಗಾಳಿ ಇರುವ ಸಾಧ್ಯತೆ ತೀರಾ ಕಮ್ಮಿಯಾಯಿತು.

ಎಲ್ಲರೂ ಕಾಯುತ್ತಿರುವುದು ಇ ಗ್ರಹಕ್ಕಾಗಿ. ಅದು ನೀರು ದ್ರವವಾಗಿ ಇರಬಹುದಾದ ದೂರದಲ್ಲಿದೆ. ಅಡ್ಡಿ ಏನೆಂದರೆ ಆ ನಕ್ಷತ್ರದ ಮೈಮೇಲೆ ಕಲೆಗಳಿವೆ. ನಾವು ನೋಡುವ ಬೆಳಕಿನಲ್ಲಿ ಅವುಗಳ ಗುರುತು ಗ್ರಹದ ಗಾಳಿಯ ಗುರುತಿನ ಜೊತೆ ಬೆರೆಯುತ್ತದೆ. ಅದಕ್ಕೇ ಬಿ ಮತ್ತು ಇ ಬೆನ್ನುಬೆನ್ನಿಗೆ ಅಡ್ಡ ಬರುವ ದಿನಗಳನ್ನು ಹುಡುಕಿ ನೋಡುತ್ತಿದ್ದಾರೆ. ಗಾಳಿಯೇ ಇಲ್ಲದಂತಿರುವ ಬಿ ತೋರಿಸುವ ಕಲೆಯ ಗುರುತನ್ನು ಇ ಡೇಟಾದಿಂದ ಕಳೆದರೆ ಉಳಿದದ್ದು ಇ ಗ್ರಹದ್ದು ಎನ್ನುವ ಲೆಕ್ಕ.