ಒಂದೇ ಎತ್ತಿಗೆ ಹಿಂಡಿ

ಆಷಾಢ ಬಂತೆಂದರೆ ನಮ್ಮ ಮಾವನ ಸ್ಟುಡಿಯೋದಲ್ಲಿ ನೊಣ ಹೊಡೆಯುವ ಕೆಲಸ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಪಾಸ್‌ಪೋರ್ಟ್ ಫೋಟೋಗೆ ಬರುವ ಒಂದಿಬ್ಬರನ್ನು ಬಿಟ್ಟರೆ ಮಂಡ್ಯದ ಆ ಅಂಗಡಿ ಕಡೆ ಯಾರೂ ತಲೆ ಹಾಕುವುದಿಲ್ಲ. ಹಾಗಾಗಿ ಕಂಪ್ಯೂಟರ್ ಬಿಚ್ಚುವ ಕೆಲಸ ಏನಿದ್ದರೂ ಮಾವ ಅದನ್ನು ಆ ತಿಂಗಳಿಗೇ ಎತ್ತಿಟ್ಟಿರುತ್ತಾರೆ.

"ಡಿಸ್ಕ್ ತುಂಬೋಯ್ತು ಕಣ್ಲಾ. ಶ್ರಾವಣಕ್ಕೆ ಸಾಲಾಗಿ ಮದ್ವೆ ಒಪ್ಕಂಡಿವ್ನಿ. ಬಂದು ಒಂದು ದಾರಿ ಮಾಡ್ಕೊಟ್ಟು ಹೋಗು" ಅಂತ ಫೋನ್ ಬಂತು.

ನಾನಿರುವುದು ಮೈಸೂರಿನ ಸರಸ್ವತಿಪುರಂನಲ್ಲಿ. ಹೊರಟಿದ್ದು ಆಷಾಢ ಶುಕ್ರವಾರ. ಊರಿಗೆ ಊರೇ ಚಾಮುಂಡಿ ಬೆಟ್ಟದ ಕಡೆ ಮುಖ ಮಾಡಿತ್ತು. ನಾನು ಎರಡು ಹೊಸ ಡಿಸ್ಕುಗಳನ್ನು ಟವಲ್‌ನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು ಮಂಡ್ಯ ಬಸ್ ಹತ್ತಿದೆ.

ಮಾವನ ಕಂಪ್ಯೂಟರಿಗೆ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟವನು ನಾನೇ. ಮದುವೆ ಫೋಟೋ, ವಿಡಿಯೋ ಎಲ್ಲ ಎರಡು 2 ಟಿಬಿ ಡಿಸ್ಕುಗಳ ಮೇಲೆ ಇರುತ್ತದೆ. ಫೈಲ್‌ಸಿಸ್ಟಮ್, ಅಂದರೆ ಡಿಸ್ಕಿನ ಮೇಲೆ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ, ಬಿಟಿಆರ್‌ಎಫ್‌ಎಸ್. ರೇಯ್ಡ್ 1, ಅಂದರೆ ಪ್ರತಿಯೊಂದಕ್ಕೂ ಎರಡು ಪ್ರತಿ, ಒಂದೊಂದು ಡಿಸ್ಕಿನಲ್ಲಿ ಒಂದೊಂದು. ಒಂದು ಡಿಸ್ಕ್ ಕೈಕೊಟ್ಟರೂ ಯಾರದೋ ಧಾರೆ ಮುಹೂರ್ತ ಕಳೆದುಹೋಗಬಾರದು, ಅಲ್ವಾ? ಹೆಸರನ್ನು ಕೆಲವರು 'ಬಟರ್ ಎಫ್‌ಎಸ್' ಅಂತ ಕರೆಯುತ್ತಾರೆ ಎಂದು ಆಗ ಹೇಳಿದ್ದೆ. "ಬೆಣ್ಣೆಗೂ ಡಿಸ್ಕಿಗೂ ಏನ್ಲಾ ಸಂಬಂಧ?" ಅಂದಿದ್ದರು ಮಾವ. 2009ರಿಂದ ಲಿನಕ್ಸಿನ ತಿರುಳಾದ ಕರ್ನಲ್ ಒಳಗೇ ಇರುವ ಸಾಮಾನು, ಹೆದರಬೇಡಿ ಅಂತ ಸಮಾಧಾನ ಮಾಡಿದ್ದೆ.

ಈ ಸಲದ ಯೋಜನೆ ಸಲೀಸಾಗಿತ್ತು. ಹಳೆಯ 2 ಟಿಬಿ ಡಿಸ್ಕುಗಳ ಜಾಗದಲ್ಲಿ 4 ಟಿಬಿಯವು. ಬಿಟಿಆರ್‌ಎಫ್‌ಎಸ್‌ನಲ್ಲಿ ಇದಕ್ಕೆ 'ರೀಪ್ಲೇಸ್' ಅಂತ ಒಂದು ಕಮಾಂಡ್ ಇದೆ. ಹೊಸ ಡಿಸ್ಕ್ ಸಿಕ್ಕಿಸಿ ಕಮಾಂಡ್ ಕೊಟ್ಟರೆ ಹಳೆಯದರಲ್ಲಿ ಇರುವುದನ್ನೆಲ್ಲ ತಾನೇ ಹೊಸದಕ್ಕೆ ಸಾಗಿಸುತ್ತದೆ. ಅಂಗಡಿ ಮುಚ್ಚಬೇಕಿಲ್ಲ, ಫೈಲುಗಳನ್ನು ಆರಾಮಾಗಿ ತೆಗೆದು ನೋಡುತ್ತಿರಬಹುದು. ಹಳೆಯ ಡಿಸ್ಕಿನ ನಂಬರನ್ನು ಹೊಸದೇ ಹೊತ್ತುಕೊಳ್ಳುತ್ತದೆ. ಆದರೆ ಒಂದು ಮಾತು: ಅಳತೆ ಮಾತ್ರ ಹಳೆಯದೇ ಇರುತ್ತದೆ. 4 ಟಿಬಿ ಡಿಸ್ಕಿನಲ್ಲಿ 2 ಟಿಬಿಯಷ್ಟನ್ನೇ ಬಳಸುತ್ತಾ ಕೂತಿರುತ್ತದೆ. ಮಿಕ್ಕಿದ್ದನ್ನೂ ತಗೋ ಅಂತ ನಾವು ಬೇರೆಯಾಗಿ ಹೇಳಬೇಕು.

ಬೆಳಿಗ್ಗೆ ಹತ್ತೂವರೆಗೆ ಮೊದಲನೆಯದು ಶುರುವಾಯಿತು. ಪರದೆ ಮೇಲೆ ಶೇಕಡಾ ನಿಧಾನಕ್ಕೆ ಏರುವುದನ್ನು ನೋಡುತ್ತಾ ಕೂತೆವು. "ಮಧ್ಯದಲ್ಲಿ ಕರೆಂಟ್ ಹೋದ್ರೆ?" ಅಂದರು ಮಾವ. ಮತ್ತೆ ಆನ್ ಮಾಡಿ ಮೌಂಟ್ ಮಾಡಿದರೆ, ಅಂದರೆ ಡಿಸ್ಕುಗಳನ್ನು ಬಳಕೆಗೆ ತೆರೆದರೆ, ನಿಂತಲ್ಲಿಂದ ಮುಂದುವರಿಯುತ್ತದೆ ಎಂದೆ. ಪುಣ್ಯಕ್ಕೆ ಹೋಗಲಿಲ್ಲ. ಅತ್ತೆ ಮನೆಯಿಂದ ಮುದ್ದೆ, ಅವರೆಕಾಳು ಸಾರು ಕಳಿಸಿದರು. ಎರಡನೇ ಡಿಸ್ಕ್ ಮುಗಿಯುವಾಗ ಸಂಜೆ ಆರು ದಾಟಿತ್ತು.

ಎಡವಿದ್ದು ಇಲ್ಲೇ. ನನಗೆ ಮೈಸೂರಿಗೆ ವಾಪಸ್ ಹೋಗುವ ಅವಸರ. ನನ್ನ ಲ್ಯಾಪ್‌ಟಾಪಿನಲ್ಲಿ ನೂರು ಸಲ ಬರೆದು ರೂಢಿಯಾದ ಕಮಾಂಡನ್ನೇ ಇಲ್ಲೂ ಬರೆದೆ: ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಮ್ ರಿಸೈಝ್ ಮ್ಯಾಕ್ಸ್, ಆಮೇಲೆ ಫೋಲ್ಡರಿನ ಹೆಸರು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಎರರ್ ಇಲ್ಲ, ತಕರಾರಿಲ್ಲ. ಜಾಗ ಎಷ್ಟಿದೆ ಅಂತ ತೋರಿಸುವ 'ಡಿಎಫ್' ಕಮಾಂಡ್ ಹಾಕಿ ನೋಡಿದೆ. ಸೈಜ್ ಅನ್ನುವ ಕಾಲಮ್ಮಿನಲ್ಲಿ ಮೊದಲು 1.9 ಟಿ ಇದ್ದದ್ದು ಈಗ 2.8 ಟಿ ಆಗಿತ್ತು.

2.8? ಅಷ್ಟೇನಾ ಅಂತ ಒಂದು ಕ್ಷಣ ಅನ್ನಿಸಿದ್ದು ನಿಜ. ಆದರೆ 4 ಟಿಬಿ ಅಂತ ಮಾರುವ ಡಿಸ್ಕನ್ನು ಕಂಪ್ಯೂಟರ್ 3.64 ಅಂತಲೇ ತೋರಿಸುವುದು. ಅಂಗಡಿಯವರು ಸಾವಿರದ ಲೆಕ್ಕ ಹಾಕುತ್ತಾರೆ, ಕಂಪ್ಯೂಟರ್ 1024ರ ಲೆಕ್ಕ ಹಾಕುತ್ತದೆ. ಆ ಲೆಕ್ಕದಲ್ಲೇ ಏನೋ ಕಡಿಮೆ ಆಗಿರಬೇಕು ಅಂತ ನನಗೆ ನಾನೇ ಸಬೂಬು ಹೇಳಿಕೊಂಡೆ. ನಾಚಿಕೆಗೇಡು. ಪರದೆಯ ಫೋಟೋ ತೆಗೆದು ಮಾವನಿಗೆ ವಾಟ್ಸಾಪ್ ಮಾಡಿ, "ಆಯ್ತು ಮಾವ, ಇನ್ನು ನಿಶ್ಚಿಂತೆ" ಅಂದು ಬಸ್ ಹಿಡಿದೆ.

ಶ್ರಾವಣದ ಎರಡನೇ ವಾರ, ರಾತ್ರಿ ಹತ್ತರ ಸುಮಾರಿಗೆ ಫೋನ್. ಹಿಂದಿನಿಂದ ಪ್ರಿಂಟರ್ ಸದ್ದು ಕೇಳಿಸುತ್ತಿತ್ತು.

"ಲೋ, ಆರತಕ್ಷತೆ ಮೆಮೊರಿ ಕಾರ್ಡು ಕಾಪಿ ಆಗಲ್ಲ ಅಂತದೆ. ಜಾಗ ಇಲ್ವಂತೆ."

"ಆಗಲ್ಲ ಮಾವ, ಈಗ ತಾನೆ ಡಿಸ್ಕ್ ದೊಡ್ಡದು ಮಾಡಿದ್ದೀವಲ್ಲ."

"ನಾನೇನು ಸುಳ್ಳು ಹೇಳ್ತೀನಾ? ನಾಳೆ ಬೀಗರ ಊಟ ಬೇರೆ ಶೂಟ್ ಮಾಡ್ಬೇಕು. ಎರಡು ಕ್ಯಾಮೆರಾ, ಒಂದು ಡ್ರೋನು. ಕಾರ್ಡು ಖಾಲಿ ಮಾಡ್ದೆ ಹೆಂಗ್ಲಾ ಹೋಗ್ಲಿ?"

ಅವರು ಲೈನಿನಲ್ಲಿ ಇರುವಾಗಲೇ ಅಂದು ಕಳಿಸಿದ ಫೋಟೋ ತೆರೆದು ಹಿಗ್ಗಿಸಿದೆ. ಸೈಜ್ 2.8 ಟಿ. ಅದರ ಪಕ್ಕದ ಪಕ್ಕದಲ್ಲೇ ಖಾಲಿ ಜಾಗ ತೋರಿಸುವ 'ಅವೈಲ್' ಕಾಲಮ್. ಅಲ್ಲಿ 61 ಜಿಬಿ. ಬೆಳಿಗ್ಗೆ ಕೆಲಸ ಶುರು ಮಾಡುವಾಗ ಎಷ್ಟಿತ್ತೋ ಅಷ್ಟೇ! ಇನ್ನೂ ಮೇಲಕ್ಕೆ ನೋಡಿದೆ. ನಾನು ಕೊಟ್ಟ ಕಮಾಂಡಿನ ಕೆಳಗೇ ಅದು ಒಂದು ಸಾಲು ಬರೆದಿತ್ತು: ಡಿವೈಸ್ ಐಡಿ 1, ಇಷ್ಟರಿಂದ ಮ್ಯಾಕ್ಸ್‌ವರೆಗೆ. ಐಡಿ 1. ಎರಡರ ಸುದ್ದಿಯೇ ಇಲ್ಲ. ಮೂರು ವಾರದಿಂದ ಆ ಸಾಲು ನನ್ನ ಜೇಬಿನಲ್ಲೇ ಇತ್ತು.

ವಿಷಯ ಇಷ್ಟೇ. ಬಿಟಿಆರ್‌ಎಫ್‌ಎಸ್‌ನಲ್ಲಿ ರಿಸೈಝ್ ಅನ್ನುವುದು ಇಡೀ ಫೈಲ್‌ಸಿಸ್ಟಮ್‌ಗೆ ಹೇಳುವ ಮಾತಲ್ಲ, ಒಂದು ಡಿಸ್ಕಿಗೆ ಹೇಳುವ ಮಾತು. ಯಾವ ಡಿಸ್ಕ್ ಅಂತ ನಂಬರ್ ಕೊಡದಿದ್ದರೆ ಒಂದನೇ ನಂಬರ್ ಅಂತ ತಾನೇ ಅಂದುಕೊಳ್ಳುತ್ತದೆ. ಮ್ಯಾನ್ಯುಯಲ್‌ನಲ್ಲೂ ಹೀಗೇ ಬರೆದಿದೆ, ಗುಟ್ಟೇನಲ್ಲ. ಒಂದೇ ಡಿಸ್ಕ್ ಇರುವ ಲ್ಯಾಪ್‌ಟಾಪಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಇಎಕ್ಸ್‌ಟಿ4 ಅನ್ನುವ ಇನ್ನೊಂದು ಫೈಲ್‌ಸಿಸ್ಟಮ್ ಬಳಸಿ ಬಂದವರಿಗಂತೂ ಹೊಳೆಯುವುದೇ ಇಲ್ಲ. ಅಲ್ಲಿ ಫೈಲ್‌ಸಿಸ್ಟಮ್‌ಗೆ ಕಾಣುವುದು ಒಂದೇ ಪಾರ್ಟಿಷನ್ (ಡಿಸ್ಕಿನ ಒಂದು ಪಾಲು), ಅಳತೆ ಹೇಳದಿದ್ದರೆ ಅದರಷ್ಟಕ್ಕೂ ಹರಡಿಕೊಳ್ಳುತ್ತದೆ. ಡಿಸ್ಕುಗಳನ್ನು ಜೋಡಿಸುವ ಕೆಲಸ ಕೆಳಗೆ ಎಲ್‌ವಿಎಂ ಅನ್ನುವ ಬೇರೆ ವ್ಯವಸ್ಥೆ ನೋಡಿಕೊಳ್ಳುತ್ತದೆ. ಬಿಟಿಆರ್‌ಎಫ್‌ಎಸ್ ಎರಡೂ ಕೆಲಸವನ್ನು ತಾನೇ ಮಾಡುತ್ತದೆ, ಆದರೆ ಅಳತೆಯ ವಿಷಯಕ್ಕೆ ಬಂದಾಗ ಡಿಸ್ಕುಗಳನ್ನು ಬಿಡಿಬಿಡಿಯಾಗಿ ನೋಡುತ್ತದೆ.

ಹೀಗಾಗಿ ಒಂದು ಡಿಸ್ಕ್ 3.64, ಇನ್ನೊಂದು 1.82. ಎರಡನ್ನೂ ಕೂಡಿಸಿ, ಎರಡು ಪ್ರತಿ ಅಂತ ಅರ್ಧ ಮಾಡಿದರೆ 2.73. ಡಿಎಫ್ ಅದನ್ನು ಮೇಲಕ್ಕೆ ಏರಿಸಿ 2.8 ಅಂತ ತೋರಿಸಿತ್ತು. ಆದರೆ ಪ್ರತಿ ಫೈಲಿಗೂ ಎರಡೂ ಡಿಸ್ಕಿನಲ್ಲಿ ಜಾಗ ಬೇಕು. ಎರಡನೆಯದು ತುಂಬಿದ ಮೇಲೆ ಮೊದಲನೆಯದರಲ್ಲಿ ಎಷ್ಟು ಬಯಲು ಬಿದ್ದಿದ್ದರೇನು?

ಇದನ್ನು ಮಾವನಿಗೆ ಫೋನಿನಲ್ಲಿ ಹೇಗೋ ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅಂದ್ರೆ ಜೋಡೆತ್ತಲ್ಲಿ ಒಂದಕ್ಕೇ ಹಿಂಡಿ ತಿನ್ಸಿ, ಗಾಡಿ ಯಾಕೆ ಮುಂದಕ್ಕೆ ಹೋಗಲ್ಲ ಅಂದಂಗಾಯ್ತು."

ನನ್ನ ವಿವರಣೆಗಿಂತ ಅದೇ ಚೆನ್ನಾಗಿತ್ತು.

ಸರಿ ಮಾಡುವುದಕ್ಕೆ ನಾನು ಮಂಡ್ಯಕ್ಕೆ ಹೋಗಬೇಕಾಗಿರಲಿಲ್ಲ. ಕಮಾಂಡ್ ಬರೆಯುವ ಟರ್ಮಿನಲ್ ತೆಗೆಸಿ, ಮೊದಲು ಡಿಸ್ಕುಗಳ ಪಟ್ಟಿ ಕೊಡುವ 'ಫೈಲ್‌ಸಿಸ್ಟಮ್ ಶೋ' ಹೊಡೆಸಿದೆ. "ಪಾಸ್‌ವರ್ಡ್ ಹೊಡೀತಿದ್ರೆ ಏನೂ ಕಾಣ್ತಿಲ್ವಲ್ಲೋ" ಅಂದರು. ಕಾಣುವುದಿಲ್ಲ, ಹೊಡೆದು ಎಂಟರ್ ಒತ್ತಿ ಎಂದೆ. ಡಿವೈಸ್ ಐಡಿಯನ್ನು ಅಲ್ಲಿ 'devid' ಅಂತ ಮೊಟಕು ಮಾಡಿ ಬರೆದಿರುತ್ತದೆ.

"ಇಬ್ರು ಡೇವಿಡ್ ಅವ್ರೆ ಕಣ್ಲಾ. ಒಂದನೇ ಡೇವಿಡ್ 3.64, ಎರಡನೇ ಡೇವಿಡ್ 1.82."

"ಎರಡನೇ ಡೇವಿಡ್ಡೇ ಮಾವ ನಮಗೆ ಬೇಕಾದವನು."

ಹಿಂದಿನದೇ ಕಮಾಂಡ್. ಮ್ಯಾಕ್ಸ್ ಅನ್ನುವುದಕ್ಕೆ ಮುಂಚೆ 2, ಆಮೇಲೆ ಕೋಲನ್. ಕೋಲನ್ ಅಂದರೆ ಯಾವುದು ಅಂತ ಕೇಳಿದರು. ಮೇಲೊಂದು ಕೆಳಗೊಂದು ಚುಕ್ಕಿ ಎಂದೆ. ಶಿಫ್ಟ್ ಒತ್ತದೆ ಹೊಡೆದು ಒಂದು ಸಲ ಬೈಸಿಕೊಂಡರು, ಕಂಪ್ಯೂಟರಿನಿಂದ. ಎರಡನೇ ಸಲಕ್ಕೆ ಆಯಿತು. ಡಿಎಫ್ ಹೊಡೆಸಿದೆ. ಸೈಜ್ 3.7 ಟಿ, ಅವೈಲ್ 1.9 ಟಿ.

ನನಗೆ ಈಗಲೂ ಒಂದು ಮುನಿಸಿದೆ. ಡಿಸ್ಕ್ ಒಂದೇ ಇದ್ದಾಗ ತಾನೇ ಊಹಿಸಲಿ, ಬೇಡ ಅನ್ನುವುದಿಲ್ಲ. ಎರಡು ಮೂರು ಇದ್ದಾಗ "ಯಾವುದಪ್ಪಾ?" ಅಂತ ಒಂದು ಮಾತು ಕೇಳಿದರೆ ಅದರ ಗಂಟೇನು ಹೋಗುತ್ತದೆ? ದೊಡ್ಡದು ಮಾಡುವಾಗಲಾದರೂ ಜಾಗ ಸಿಗಲಿಲ್ಲ ಅನ್ನುವಷ್ಟಕ್ಕೆ ಮುಗಿಯುತ್ತದೆ. ನಂಬರ್ ಕೊಡದೆ ನೂರು ಜಿಬಿ ಕಡಿಮೆ ಮಾಡು ಅಂದರೂ ಅದು ಕತ್ತರಿಸುವುದು ಒಂದನೇ ಡಿಸ್ಕಿನಿಂದಲೇ. ತಮಾಷೆ ಅಂದರೆ, ನಾನು ರೀಪ್ಲೇಸ್ ಮಾಡದೆ ಹೊಸ ಡಿಸ್ಕ್ ಸೇರಿಸಿ ಹಳೆಯದನ್ನು ತೆಗೆಯುವ ದಾರಿ ಹಿಡಿದಿದ್ದರೆ ಅವತ್ತೇ ಸಿಕ್ಕಿಬೀಳುತ್ತಿದ್ದೆ. ಹಾಗೆ ಸೇರಿಸಿದ ಡಿಸ್ಕುಗಳಿಗೆ ಹೊಸ ನಂಬರ್ ಬರುತ್ತದೆ. ಒಂದನೇ ನಂಬರಿನವನು ಇರುವುದೇ ಇಲ್ಲ. ಕಮಾಂಡ್ ಎರರ್ ಕೊಟ್ಟು ನಿಲ್ಲುತ್ತಿತ್ತು.

ಫೋನ್ ಇನ್ನೂ ಆನ್ ಇತ್ತು. ಮಾವ ಕಾರ್ಡ್ ಹಾಕಿ ಕಾಪಿ ಶುರು ಮಾಡಿದ್ದರು. "ಓಡ್ತಾ ಐತೆ, ಓಡ್ತಾ ಐತೆ" ಅಂದರು. ಅಷ್ಟರಲ್ಲಿ ಇನ್ನೊಂದು ಕರೆ ಬಂದಿತೇನೋ. "ಹೆಣ್ಣಿನ ಕಡೆಯವ್ರು ಕಣ್ಲಾ" ಅಂದವರೇ ಇಟ್ಟುಬಿಟ್ಟರು.