ಪೆಯೋಲಾ ಸಾಕ್ಷ್ಯಚಿತ್ರ: ಎರಡನೆಯ ಕರಡು ಸಂಕಲನದ ಟಿಪ್ಪಣಿ

ಅಮೆರಿಕದ ರೇಡಿಯೊಗಳಲ್ಲಿ ಹಾಡು ಹಾಕಿಸಲು ಗುಟ್ಟಾಗಿ ಹಣ ಕೊಡುತ್ತಿದ್ದ ಪದ್ಧತಿಗೆ ಪೆಯೋಲಾ ಎಂದು ಹೆಸರು. ಅದರ ಬಗ್ಗೆ ಬಿಡುವಿನ ವೇಳೆಯಲ್ಲಿ ಮಾಡುತ್ತಿರುವ ಸಾಕ್ಷ್ಯಚಿತ್ರದ ಎರಡನೆಯ ಕರಡು ಸಂಕಲನ ಈಗ ಮುಗಿದಿದೆ. ತೆರೆಯ ಮೇಲೆ ನೊಂದವರಾಗಿ ಬರುವವರು ಯಾರು, ವಿವರಿಸುವವರಾಗಿ ಬರುವವರು ಯಾರು ಎಂಬ ಪ್ರಶ್ನೆಯೇ ಈ ಸುತ್ತಿನ ಕೆಲಸವನ್ನೆಲ್ಲ ನಡೆಸಿತು. ಇಂಥ ಚಿತ್ರಗಳಲ್ಲಿ ಕಪ್ಪು ಕಲಾವಿದರು ಹಾಡಿ, ಮೋಸಹೋಗಿ, ಮರೆಯಾಗುವುದೂ ಒಪ್ಪಂದ, ಕಾನೂನು, ಲೆಕ್ಕಪತ್ರಗಳನ್ನು ಬಿಳಿಯ ಪುರುಷ ತಜ್ಞರು ಬಿಡಿಸಿ ಹೇಳುವುದೂ ರೂಢಿ. ತಲೆ ಎಣಿಸಿದರೆ ವೈವಿಧ್ಯಕ್ಕೇನೂ ಕೊರತೆಯಿರುವುದಿಲ್ಲ. ಅರ್ಥ ಹೇಳುವ ಅಧಿಕಾರ ಮಾತ್ರ ಒಂದೇ ಕಡೆ ಉಳಿದಿರುತ್ತದೆ.

ಮೊದಲ ಕತ್ತರಿ ಬಿದ್ದದ್ದು ಪೆಯೋಲಾ ಕುರಿತ 1959–60ರ ಅಮೆರಿಕ ಸಂಸತ್ ವಿಚಾರಣೆಯ ಭಾಗಕ್ಕೆ. ಅಲ್ಲಿ ನಾಟಕೀಯತೆ ಹೇರಳವಾಗಿದೆ: ಟಿವಿ ನಿರೂಪಕ ಡಿಕ್ ಕ್ಲಾರ್ಕ್ ತಮ್ಮ ಸಂಗೀತ ಕಂಪನಿಗಳ ಪಾಲುಗಳನ್ನು ಬಿಟ್ಟುಕೊಟ್ಟು ಪಾರಾದರು, ಕೆಲಸ ಕಳೆದುಕೊಂಡ ರೇಡಿಯೊ ನಿರೂಪಕ ಅಲನ್ ಫ್ರೀಡ್ 1962ರಲ್ಲಿ ತಪ್ಪೊಪ್ಪಿಕೊಂಡು 300 ಡಾಲರ್ ದಂಡ ತೆತ್ತರು. ಆದರೆ ಈ ಇಬ್ಬರು ನಿರೂಪಕರ ಏಳುಬೀಳಿನಲ್ಲೇ ಕಥೆ ಮುಳುಗಿದರೆ, ಯಾರ ಹಾಡುಗಳ ಸುತ್ತ ಈ ಹಣ ಓಡಾಡಿತೋ ಅವರು ಬರಿಯ ಹಿನ್ನೆಲೆ ಸಂಗೀತವಾಗಿಬಿಡುತ್ತಾರೆ. ಆದ್ದರಿಂದ ಆ ಭಾಗವನ್ನು ಅರ್ಧಕ್ಕೆ ಇಳಿಸಿ, ಉಳಿದ ಜಾಗವನ್ನು ರೇಡಿಯೊದಲ್ಲಿ ಹಾಡು ಹಾಕುತ್ತಿದ್ದ ಕಪ್ಪು ಡಿಸ್ಕ್ ಜಾಕಿಗಳಿಗೂ ಸಣ್ಣ ಧ್ವನಿಮುದ್ರಣ ಕಂಪನಿಗಳಿಗೂ ಕೊಟ್ಟಿದ್ದೇನೆ. ಇಲ್ಲಿ ವಿಷಯ ನಿಜಕ್ಕೂ ಜಟಿಲ. ಸಂಬಳ ಸಾಲದ ಜಾಕಿಗಳಿಗೆ ಆ ಹಣ ಜೀವನೋಪಾಯವೂ ಆಗಿತ್ತು. ದೊಡ್ಡ ಕಂಪನಿಗಳೊಡನೆ ಪೈಪೋಟಿ ಮಾಡಲಾಗದ ಸಣ್ಣವರು ಕಪ್ಪು ಸಂಗೀತವನ್ನು ರೇಡಿಯೊ ಒಳಗೆ ನುಗ್ಗಿಸಿದ ದಾರಿಗಳಲ್ಲಿ ಅದೂ ಒಂದು. ಹಳೆಯ ಗೀತರಚನಕಾರರ ಸಂಸ್ಥೆಯಾದ ಆಸ್ಕ್ಯಾಪ್ ಆ ತನಿಖೆಗೆ ಒತ್ತಾಸೆಯಾಗಿ ನಿಂತದ್ದರ ಹಿಂದೆ ಕಪ್ಪು ಸಂಗೀತದಿಂದ ಬೆಳೆದ ರಾಕ್ ಅಂಡ್ ರೋಲ್ ಮೇಲಿನ ಅಸಹನೆಯೂ ಇತ್ತು. ಇದನ್ನು ಹೇಳದೆ ಲಂಚವನ್ನಷ್ಟೇ ಖಂಡಿಸಿದರೆ ಚಿತ್ರ ಅರ್ಧ ಸತ್ಯವಾಗುತ್ತದೆ. (ಹಾಗೆಂದು ಲಂಚಕ್ಕೆ ವಕಾಲತ್ತು ವಹಿಸುವ ಉದ್ದೇಶ ನನಗಿಲ್ಲ.)

ನನಗೆ ಹೆಚ್ಚು ತೃಪ್ತಿ ಕೊಟ್ಟದ್ದು ಡಿಸ್ಕಿನ ಲೇಬಲ್ಲಿನ ಒಂದು ಸಮೀಪ ಚಿತ್ರಿಕೆ. 1955ರ ‘ಮೇಬೆಲೀನ್’ ಹಾಡಿನ ರಚನಕಾರರೆಂದು ಕಪ್ಪು ಗಾಯಕ ಚಕ್ ಬೆರಿಯವರ ಜೊತೆಗೆ ವ್ಯಾಪಾರಿ ರಸ್ ಫ್ರಾಟೊ ಮತ್ತು ಅದೇ ಅಲನ್ ಫ್ರೀಡ್ ಅವರ ಹೆಸರುಗಳನ್ನೂ ಸೇರಿಸಲಾಗಿತ್ತು. ಹಾಡು ಬರೆದವರು ಬೆರಿ. ಹಣ ಹಂಚಿಕೆಯಾದದ್ದು ಮೂವರಿಗೆ. ಪೂರ್ಣ ಶ್ರೇಯ ಬೆರಿಯವರಿಗೆ ಮರಳಿದ್ದು 1986ರಲ್ಲಿ. ಹಿಂದಿನ ಕರಡಿನಲ್ಲಿದ್ದ ತಜ್ಞರ ದೀರ್ಘ ವಿವರಣೆಯನ್ನು ತೆಗೆದು, ಕ್ಯಾಮೆರಾ ಮೂರು ಹೆಸರುಗಳ ಮೇಲೆ ನಿಧಾನವಾಗಿ ಸರಿಯುವಂತೆ ಮಾಡಿದೆ. ಹಿನ್ನೆಲೆಯಲ್ಲಿ ಮಾತೇ ಇಲ್ಲ.

ರೂತ್ ಬ್ರೌನ್ ಅವರ ಭಾಗವನ್ನು ಪೂರ್ತಿ ಮರುಜೋಡಿಸಬೇಕಾಯಿತು. 1950ರ ದಶಕದಲ್ಲಿ ಅಟ್ಲಾಂಟಿಕ್ ಕಂಪನಿಗೆ ಸಾಲು ಸಾಲು ಯಶಸ್ಸು ತಂದುಕೊಟ್ಟ ಈ ಗಾಯಕಿ ಮುಂದೆ ಮನೆಗೆಲಸ ಮಾಡಿ ಬದುಕಿದರು ಎಂಬಲ್ಲಿಗೆ ನಿಲ್ಲಿಸಿದರೆ ಪ್ರೇಕ್ಷಕರ ಕರುಣೆ ಸುಲಭವಾಗಿ ಸಿಗುತ್ತದೆ. ಆದರೆ ಅವರು ರಾಯಲ್ಟಿ, ಅಂದರೆ ಮಾರಾಟದಲ್ಲಿ ಕಲಾವಿದರಿಗೆ ಸಲ್ಲಬೇಕಾದ ಪಾಲಿನ, ಲೆಕ್ಕಗಳನ್ನು ಪ್ರಶ್ನಿಸಿದರು, ಸಂಸತ್ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. 1988ರಲ್ಲಿ ಕಂಪನಿ ಕಲಾವಿದರ ಮೇಲೆ ಹೊರಿಸಿದ್ದ ಹಳೆಯ ಬಾಕಿಗಳನ್ನು ಕೈಬಿಟ್ಟು ರಾಯಲ್ಟಿ ಕೊಡಲು ಒಪ್ಪಿತು, ಹಳೆಯ ಕಲಾವಿದರಿಗೆ ನೆರವಾಗುವ ರಿದಮ್ ಅಂಡ್ ಬ್ಲೂಸ್ ಫೌಂಡೇಶನ್ ಹುಟ್ಟಿತು. ಹೀಗಾಗಿ ಮುಂಗಡದ ಹೆಸರಿನಲ್ಲಿ ಸ್ಟುಡಿಯೊ ಖರ್ಚನ್ನು ಕಲಾವಿದರ ತಲೆಗೇ ಕಟ್ಟುವ ಪದ್ಧತಿಯನ್ನು ಈಗ ಅವರ ಹೋರಾಟದ ಮೂಲಕವೇ ವಿವರಿಸುತ್ತಿದ್ದೇನೆ.

ಮಹಿಳೆಯರ ಕುರಿತ ಅಂಕಿಗಳನ್ನು ಒಂದೇ ಫಲಕಕ್ಕೆ ಸೀಮಿತಗೊಳಿಸಿದ್ದೇನೆ: ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅನೆನ್‌ಬರ್ಗ್ ತಂಡದ 2018ರ ಅಧ್ಯಯನದ ಪ್ರಕಾರ, 2012ರಿಂದ 2017ರವರೆಗಿನ 600 ಜನಪ್ರಿಯ ಹಾಡುಗಳ ರಚನಕಾರರಲ್ಲಿ ಮಹಿಳೆಯರು ಶೇ 12.3 ಮಾತ್ರ.

ಇನ್ನು ಉಳಿದಿರುವುದು 2005ರ ಭಾಗ. ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಎಲಿಯಟ್ ಸ್ಪಿಟ್ಜರ್ ನಡೆಸಿದ ಪೆಯೋಲಾ ತನಿಖೆಯಲ್ಲಿ ಧ್ವನಿಮುದ್ರಣ ಕಂಪನಿ ಸೋನಿ ಬಿಎಂಜಿ 1 ಕೋಟಿ ಡಾಲರ್ ತೆತ್ತು ರಾಜಿ ಮಾಡಿಕೊಂಡ ಪ್ರಕರಣವಿದು. ಸದ್ಯಕ್ಕೆ ಅಲ್ಲಿರುವುದು ವಕೀಲರ ಮಾತು ಮಾತ್ರ. ಆ ಕಾಲದಲ್ಲಿ ರೇಡಿಯೊ ಕೇಂದ್ರಗಳ ಒಳಗೆ ಹಾಡುಗಳ ಪಟ್ಟಿ ತಯಾರಿಸುತ್ತಿದ್ದ ಮಹಿಳೆಯರು ಮಾತಿಗೆ ಸಿಗುವವರೆಗೂ ಆ ಭಾಗದ ಸಂಕಲನವನ್ನು ತಡೆಹಿಡಿದಿದ್ದೇನೆ.