ದೀಪಸ್ತಂಭದ ಕಾವಲುಗಾರ: ಈ ಸಲ ಬರೀ ಭುಜದ ಕೆಲಸ

ನಾನು ಮಾಡುತ್ತಿರುವ ಕಾವಲುಗಾರ ಗೊಂಬೆಗೆ ಮುಖ ಬಂದಾಯಿತು, ಗಡ್ಡ ಬಂದಾಯಿತು, ಮಳೆಯಂಗಿಯ ಮಡಿಕೆಗಳೂ ಮೂಡಿವೆ. ಆದರೆ ಕಂದೀಲು ಹಿಡಿದ ಬಲಗೈಯನ್ನು ಎತ್ತಿ ನಿಲ್ಲಿಸಿದರೆ ಅದು ಮೆಲ್ಲಗೆ ಇಳಿದು ತೊಡೆಗೆ ಬಂದು ಕೂರುತ್ತದೆ. ದೀಪವನ್ನೇ ಎತ್ತಿ ಹಿಡಿಯಲಾರದವನು ಎಂಥ ಕಾವಲುಗಾರ?

ಗೊಂಬೆಯ ಅಳತೆ 1:12, ಅಂದರೆ ಸುಮಾರು 15 ಸೆಂಟಿಮೀಟರ್ ಎತ್ತರ. ಸ್ವತಂತ್ರವಾಗಿ ಗೊಂಬೆ ಮಾಡುವ ನಮ್ಮಲ್ಲಿ ಹೆಚ್ಚಿನವರು ಮುಖಕ್ಕೆ ಸುರಿಯುವ ಶ್ರಮದ ಕಾಲುಭಾಗವನ್ನೂ ಕೀಲುಗಳಿಗೆ ಕೊಡುವುದಿಲ್ಲ ಎಂಬುದು ನನ್ನ ಹಳೆಯ ತಕರಾರು. ಕೀಲು ಸೋತರೆ ಉಳಿಯುವುದು ವಿಗ್ರಹ ಮಾತ್ರ.

ಕಾರ್ಖಾನೆಯಲ್ಲಿ ಮೈಗೆ ಪಿವಿಸಿ, ಕೀಲಿಗೆ ಎಬಿಎಸ್ ಇಲ್ಲವೇ ಪಿಒಎಂನಂಥ ಗಟ್ಟಿ ಪ್ಲಾಸ್ಟಿಕ್ ಬಳಸುವುದುಂಟು. ಪಾಲಿಯುರೆಥೇನ್ ರೆಸಿನ್‌ನಲ್ಲಿ, ಅಂದರೆ ಅಚ್ಚಿಗೆ ಸುರಿದ ಮೇಲೆ ಗಟ್ಟಿಯಾಗುವ ಪ್ಲಾಸ್ಟಿಕ್ ದ್ರವದಲ್ಲಿ, ಎರಕ ಹೊಯ್ಯುವ ನನ್ನಂಥವರಿಗೆ ಆ ಅನುಕೂಲವಿಲ್ಲ. ತೆಳ್ಳಗಿನ ರೆಸಿನ್ ಗೂಟ ತಿರುಚಿದರೆ ಪಟ್ಟನೆ ಮುರಿಯುತ್ತದೆ. ಹಾಗಾಗಿ ಒಂದು ಹಳೆಯ ಗೊಂಬೆಯ ತೋಳನ್ನು ಬಿಸಿನೀರಿನಲ್ಲಿ ಮೆತ್ತಗಾಗಿಸಿ, ಅದರ ಭುಜದ ಕೀಲನ್ನು ಕಿತ್ತು ತೆಗೆದಿದ್ದೇನೆ. ಅದನ್ನು ಎದೆಯೊಳಗೆ ಅಂಟಿಸಿ ಮುಚ್ಚಿಲ್ಲ, ಸಣ್ಣ ತಿರುಪಿನಿಂದ ಬಿಗಿದಿದ್ದೇನೆ. 1982ರ ಜಿ.ಐ. ಜೋ ಎಂಬ ಅಮೆರಿಕದ ಸೈನಿಕ ಗೊಂಬೆಗಳಲ್ಲಿ ಮುಂಡವನ್ನೂ ಕಾಲುಗಳನ್ನೂ ಹಿಡಿದಿಟ್ಟದ್ದು ಒಳಗಿನ ಒಂದು ರಬ್ಬರ್ ಬಳೆ. ವರ್ಷಗಳು ಕಳೆದಂತೆ ರಬ್ಬರ್ ಸತ್ತು ಸೊಂಟ ಕಳಚುತ್ತದೆ ನಿಜ, ಆದರೆ ಬೆನ್ನಿನ ತಿರುಪು ಬಿಚ್ಚಿ ಹೊಸ ಬಳೆ ಹಾಕಿದರೆ ಗೊಂಬೆ ಮತ್ತೆ ನಿಲ್ಲುತ್ತದೆ. ಸಂಗ್ರಹಕ್ಕೆಂದು ಮಾಡುವ ವಸ್ತುವಿಗೆ ರಿಪೇರಿಯ ದಾರಿ ಇರಲೇಬೇಕು.

ಭುಜವನ್ನು ಬಿಗಿಗೊಳಿಸುವುದು ಅರ್ಧ ಪರಿಹಾರವಷ್ಟೇ. ಹಲ್ಲುಗಳಿರುವ ರ‍್ಯಾಚೆಟ್ ಕೀಲು ಭಾರವನ್ನು ಚೆನ್ನಾಗಿ ತಾಳುತ್ತದೆ, ಆದರೆ ಕೈ ಹಲ್ಲಿಂದ ಹಲ್ಲಿಗೆ ಹಾರುತ್ತದೆ. ಈ ಅಳತೆಯ ಮೈಯಲ್ಲಿ ಅದಕ್ಕೆ ಜಾಗವೂ ಸಾಲದು. ಘರ್ಷಣೆಯ ಕೀಲನ್ನೇ ಉಳಿಸಿಕೊಂಡು ಗೂಟಕ್ಕೆ ತೆಳುವಾಗಿ ಅಕ್ರಿಲಿಕ್ ವಾರ್ನಿಷ್ ಬಳಿದು, ಪೂರ್ತಿ ಒಣಗಿದ ಮೇಲೆ ಜೋಡಿಸಿದೆ. ಉಳಿದರ್ಧ ಇರುವುದು ಕಂದೀಲಿನಲ್ಲಿ. ಭುಜದ ಮೇಲಿನ ಹೊರೆ ತೂಕವನ್ನಷ್ಟೇ ಅಲ್ಲ, ಆ ತೂಕ ಎಷ್ಟು ದೂರದಲ್ಲಿದೆ ಎಂಬುದನ್ನೂ ಅವಲಂಬಿಸುತ್ತದೆ. ಮೊಣಕೈಯನ್ನು ತುಸು ಬಾಗಿಸಿ ಕಂದೀಲನ್ನು ಮೈಯ ಹತ್ತಿರಕ್ಕೆ ತಂದೆ, ಅದರ ಒಳಭಾಗವನ್ನು ಟೊಳ್ಳು ಮಾಡಿದೆ. ಈಗ ಕೈ ನಿಲ್ಲುತ್ತಿದೆ. ಬಾಗಿದ ಮೊಣಕೈಯಿಂದ ನಿಲುವಿಗೂ ಒಂದು ದಣಿವು ಬಂದಿದೆ. ಅದು ಬಯಸದೇ ಸಿಕ್ಕ ಲಾಭ.

ಕಂದೀಲಿನ ಗಾಜಿಗೆ ಪಾರದರ್ಶಕ ರೆಸಿನ್. ಇಲ್ಲಿ ಒಂದು ಗುಳ್ಳೆ ಉಳಿದರೂ ಕಣ್ಣಿಗೆ ಹೊಡೆಯುತ್ತದೆ, ಆದ್ದರಿಂದ ಒತ್ತಡದ ಪಾತ್ರೆಯಲ್ಲಿ ಸುಮಾರು 40 ಪಿಎಸ್ಐ (ಚದರ ಅಂಗುಲಕ್ಕೆ 40 ಪೌಂಡ್) ಒತ್ತಡ ಇಟ್ಟು ಎರಕ. ಸಿಲಿಕೋನ್ ಅಚ್ಚು ಗಟ್ಟಿಯಾಗುವಾಗಲೂ ಅದೇ ಒತ್ತಡವಿರಬೇಕು. ಇಲ್ಲದಿದ್ದರೆ ಅಚ್ಚಿನಲ್ಲಿ ಅಡಗಿದ ಗುಳ್ಳೆಗಳು ಎರಕದ ವೇಳೆ ಕುಗ್ಗಿ, ರೆಸಿನ್ ಮೇಲೆ ಮೊಡವೆಗಳಂತೆ ಎದ್ದು ನಿಲ್ಲುತ್ತವೆ. ಮೂಲ ಮಾದರಿಯನ್ನು ಎಪಾಕ್ಸಿ ಪುಟ್ಟಿಯಲ್ಲಿ ಮಾಡಿದ್ದಕ್ಕೂ ಕಾರಣವಿದೆ: ಗಂಧಕ ಬೆರೆತ ಜೇಡಿಯ ಮೇಲೆ ಪ್ಲಾಟಿನಂ ವೇಗವರ್ಧಕದಿಂದ ಗಟ್ಟಿಯಾಗುವ ಅಚ್ಚಿನ ಸಿಲಿಕೋನ್ ಸುರಿದರೆ ತಾಗಿದ ಕಡೆಯೆಲ್ಲ ಅದು ಅಂಟಂಟಾಗಿಯೇ ಉಳಿಯುತ್ತದೆ.

ಭುಜದ ಸುತ್ತ ಬಣ್ಣ ಹಚ್ಚಿಲ್ಲ. ತಿರುಗುವ ಜಾಗದಲ್ಲಿ ಎಷ್ಟು ನಾಜೂಕಾಗಿ ಬಳಿದರೂ ಉಜ್ಜಿ ಹೋಗುತ್ತದೆ. ಮಳೆಯಂಗಿಯ ಹಳದಿಯನ್ನು ರೆಸಿನ್‌ಗೇ ಬೆರೆಸಿದ್ದೇನೆ. ಬಣ್ಣದ ಕುಂಚ ಮಡಿಕೆಗಳ ನೆರಳಿಗೆ ಮಾತ್ರ.

ಮಣಿಕಟ್ಟಿನ ರಂಧ್ರವನ್ನು ಗ್ಲಯೋಸ್ ಎಂಬ, ಗೊಂಬೆಯ ಭಾಗಗಳನ್ನು ಅದಲುಬದಲು ಮಾಡಬಹುದಾದ ಜೋಡಣೆಯ ಗೂಟಕ್ಕೆ ಹೊಂದುವಂತೆ ಕೊರೆದಿದ್ದೇನೆ. ಒನೆಲ್ ಡಿಸೈನ್ ಎಂಬ ಗೊಂಬೆ ತಯಾರಕರ ಈ ಜೋಡಣೆಯನ್ನು ಬೇರೆ ಸಣ್ಣ ತಯಾರಕರೂ ಬಳಸುವುದರಿಂದ ಒಬ್ಬರ ಗೊಂಬೆಯ ಕೈ ಇನ್ನೊಬ್ಬರ ಗೊಂಬೆಗೆ ಕೂರುತ್ತದೆ. ನನ್ನ ಕಾವಲುಗಾರನಿಗೆ ಯಾರಾದರೂ ರೋಬೋಟಿನ ಪಂಜ ಸಿಕ್ಕಿಸಿದರೆ ನನಗೆ ಬೇಸರವಿಲ್ಲ.

ಮುಂದಿನದು ಸೊಂಟ. ಮಳೆಯಂಗಿಯ ಕೆಳಭಾಗ ಗಟ್ಟಿ ರೆಸಿನ್‌ನಲ್ಲೇ ಇದ್ದರೆ ಅವನು ಕೂರುವಂತಿಲ್ಲ. ಬಾಗುವ ಯುರೆಥೇನ್ ರಬ್ಬರಿನಲ್ಲಿ ಅದನ್ನು ಬೇರೆಯಾಗಿ ಹೊಯ್ದು ನೋಡಬೇಕು. ಅದೇ ಹಳದಿ ಎರಡರಲ್ಲೂ ಒಂದೇ ಥರ ಕಾಣುವುದೇ ಎಂಬುದು ಸದ್ಯದ ಅನುಮಾನ.